ಮೇಲೆ ಥಳುಕು, ಒಳಗೆ ಇಕ್ಕಟ್ಟು

ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ಮಗ್ಗುಲು ತಿರುವಿ ನೋಡದೆ ನಮ್ಮ ಹೆಂಗಸರು ಸೀರೆಗೆ ದುಡ್ಡು ಬಿಚ್ಚುವುದಿಲ್ಲ. ಆದರೆ ಮಕ್ಕಳ ಓದಿಗೆಂದು ಕಂತಿನ ಸಾಲ ಮಾಡಿ ಕೊಳ್ಳುವ ಕಂಪ್ಯೂಟರನ್ನು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲೇ ತಂದು, ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಒಳಗೆ ಯಾವುದು ಎಲ್ಲಿದೆ ಎಂದು ಕೇಳುವವರಿಲ್ಲ. ಕೇಳುವವರಿಲ್ಲದ್ದರಿಂದಲೇ ಅಗ್ಗದ ಪುಟ್ಟ ಪೆಟ್ಟಿಗೆ ಮಾಡುವವರು ಒಳಗಿನ ಜೋಡಣೆಯ ಗೊಡವೆಗೆ ಹೋಗುವುದಿಲ್ಲ ಎಂಬುದು ನನ್ನ ತಕರಾರು.

ನಾವು ರೂಢಿಯಲ್ಲಿ ಸಿಪಿಯು ಎನ್ನುವ ಈ ತಗಡಿನ ಪೆಟ್ಟಿಗೆಗೆ ಅಂಗಡಿಯವರು ಕ್ಯಾಬಿನೆಟ್ ಎನ್ನುತ್ತಾರೆ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. 2001ರಲ್ಲಿ ತೈವಾನಿನ ವಿಯಾ ಕಂಪನಿ ಕೇವಲ 17 ಸೆಂಟಿಮೀಟರ್ ಚೌಕದ ಮದರ್‌ಬೋರ್ಡನ್ನು ತಂದಿತು. ಪೆಟ್ಟಿಗೆ ಚಿಕ್ಕದಾದದ್ದು ಒಳ್ಳೆಯದೇ. ಬಾಡಿಗೆ ಮನೆಯ ಮೂಲೆಯಲ್ಲಿ ಮೇಜು ಹಾಕಿಕೊಂಡವರಿಗೆ ದೊಡ್ಡ ಪೆಟ್ಟಿಗೆ ಯಾಕೆ?

ಆದರೆ ಚಿಕ್ಕದೇ ಬೇರೆ, ಇಕ್ಕಟ್ಟೇ ಬೇರೆ. ಒಗ್ಗರಣೆ ಡಬ್ಬಿಯನ್ನು ನೋಡಿ. ಅಂಗೈಯಗಲದ ಜಾಗದಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ಎಲ್ಲವೂ ಇವೆ. ಒಂದನ್ನು ತೆಗೆಯಲು ಇನ್ನೊಂದನ್ನು ಚೆಲ್ಲಬೇಕಾಗಿಲ್ಲ.

ಅಗ್ಗದ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದರೆ ಎಷ್ಟೋ ಸಲ ಕಾಣುವುದೇ ಬೇರೆ. ಕರೆಂಟು ಹಂಚುವ ಎಸ್‌ಎಂಪಿಎಸ್ ನೇರವಾಗಿ ಪ್ರೊಸೆಸರಿನ ನೆತ್ತಿಯ ಮೇಲೆ ಕುಳಿತಿರುತ್ತದೆ. ಹಾರ್ಡ್‌ಡಿಸ್ಕಿನ ಗೂಡು ಮೆಮೊರಿಗೆ ಅಡ್ಡ. ವೈರುಗಳಿಗೆ ಜಾಗವೇ ಇಲ್ಲದೆ ಅವು ಫ್ಯಾನಿನ ಎದುರಿಗೇ ಮುದ್ದೆಯಾಗಿರುತ್ತವೆ. ಮುಂಭಾಗ ಹೊಳೆಯುವ ಪ್ಲಾಸ್ಟಿಕ್ಕಿನಿಂದ ಮುಚ್ಚಿದೆ. ಗಾಳಿಯ ತೂತು ಪಕ್ಕದಲ್ಲಿದೆ, ಅದನ್ನು ಗೋಡೆಗೆ ಒತ್ತಿ ಇಟ್ಟಿರುತ್ತೇವೆ. ತಗಡಿನ ಅಂಚು ಮಡಿಸದೆ ಬಿಟ್ಟದ್ದು, ಕೈಯಿಟ್ಟರೆ ಕೊಯ್ಯುತ್ತದೆ.

ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ನಿಂತವಳಿಗೆ ಇದರ ಫಲ ಏನೆಂದು ಹೇಳಿಕೊಡಬೇಕಾಗಿಲ್ಲ. ಮುಂದಿನಿಂದ ತಂಪು ಗಾಳಿ ಬಂದು, ಹಿಂದಿನಿಂದ ಬಿಸಿ ಗಾಳಿ ಹೋಗಬೇಕು. ಹೋಗದಿದ್ದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಉಳಿಸಿದ ಕಾಸು ಹೀಗೆ ರಿಪೇರಿಗೆ ಹೋಗುತ್ತದೆ.

"ಕೊಟ್ಟ ದುಡ್ಡಿಗೆ ಇಷ್ಟೇ ಬರೋದು ಮೇಡಂ" ಎನ್ನುತ್ತಾರೆ ಮಾರುವವರು. ಒಪ್ಪುವ ಮಾತಲ್ಲ. ತಗಡು ಅದೇ, ಅಚ್ಚು ಅದೇ. ತೂತನ್ನು ಇಲ್ಲಿ ಹೊಡೆಯುವ ಬದಲು ಅಲ್ಲಿ ಹೊಡೆದರೆ ಯಾವ ಕಾಸು ಹೆಚ್ಚು? ಅಂಚು ಮಡಿಸಲು ಸ್ವಲ್ಪ ಖರ್ಚಾದೀತು, ನಿಜ. ಆ ಖರ್ಚಿಗೆ ಕೈಯಿಲ್ಲದವರಿಗೆ ಮುಂಭಾಗದ ಬಣ್ಣದ ದೀಪಗಳಿಗೆ ದುಡ್ಡು ಎಲ್ಲಿಂದ ಬಂತು?

ನನ್ನ ನಿಜವಾದ ಸಿಟ್ಟು ಇನ್ನೊಂದಿದೆ. ಇಕ್ಕಟ್ಟಾದ ಪೆಟ್ಟಿಗೆಯನ್ನು ಮಕ್ಕಳು ಬಿಚ್ಚುವ ಹಾಗಿಲ್ಲ. ಧೂಳು ತೆಗೆಯಲು ನಾಲ್ಕು ಭಾಗ ಕಳಚಬೇಕು. ಅದಕ್ಕಾಗಿ ರಿಪೇರಿಯವನೇ ಬರಬೇಕು. ಅವನು ಬಂದು "ಯಾರೂ ಮುಟ್ಟಬೇಡಿ" ಎನ್ನಬೇಕು. ಹೆಣ್ಣುಮಕ್ಕಳು ಮೊದಲು ಹಿಂದೆ ಸರಿಯುತ್ತಾರೆ. ಲ್ಯಾಬಿನ ನೆಲ ಗುಡಿಸಲು ಪೊರಕೆ ಕೊಡುವ ನಾವು ಅದೇ ಕೈಗೆ ಸ್ಕ್ರೂಡ್ರೈವರ್ ಕೊಡಲು ಹೆದರುತ್ತೇವೆ. 1980ರ ದಶಕದಲ್ಲಿ ವಿಪ್ರೋ ಕಂಪನಿ ಕಂಪ್ಯೂಟರ್ ತಯಾರಿಸಿದ ಊರು ನಮ್ಮ ಮೈಸೂರು. ಈ ಊರಿನ ಹುಡುಗಿ ಹತ್ತನೇ ತರಗತಿ ಮುಗಿಸುವಾಗ ಕೀಲಿಮಣೆ ಒತ್ತುವುದನ್ನಷ್ಟೇ ಕಲಿತಿದ್ದರೆ, ನಾವು ಅವಳಿಗೆ ಕಂಪ್ಯೂಟರ್ ತೋರಿಸಿದ್ದೇವೆಯೇ ಹೊರತು ಕಲಿಸಿಲ್ಲ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣ ನೋಡಬೇಡಿ. "ಮುಚ್ಚಳ ತೆಗೀರಿ" ಎನ್ನಿ. ಅಂಚಿನ ಮೇಲೆ ಬೆರಳಾಡಿಸಿ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಬೇರೇನನ್ನೂ ಕಳಚದೆ ಮೆಮೊರಿ ತೆಗೆಯಲು ಬರುತ್ತದೆಯೇ ನೋಡಿ. ಮನೆಯಲ್ಲಿ ವರ್ಷಕ್ಕೆರಡು ಸಲ ಪ್ಲಗ್ ಕಿತ್ತು, ಮಗಳ ಕೈಯಲ್ಲೇ ಮುಚ್ಚಳ ತೆಗೆಸಿ, ಧೂಳು ತೆಗೆಸಿ. ಎಸ್‌ಎಂಪಿಎಸ್‌ನ ಡಬ್ಬವೊಂದನ್ನು ಮಾತ್ರ ಬಿಚ್ಚಕೂಡದು; ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ಅಂಗಡಿಯವನು ಮುಚ್ಚಳ ತೆಗೆಯಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಸೆರಗು ಬಿಡಿಸಿ ತೋರಿಸದವನ ಹತ್ತಿರ ನಾವು ಯಾವತ್ತು ಸೀರೆ ಕೊಂಡಿದ್ದೇವೆ?