ದಕ್ಷಿಣೆಯೋ, ದರವೋ?

ಸದ್ಭಕ್ತರೇ,

ಕಳೆದ ವೈಶಾಖ ಮಾಸದಲ್ಲಿ ಭಕ್ತರೊಬ್ಬರು ನಮ್ಮಲ್ಲಿಗೆ ಬಂದರು. ಅವರು ಪೇಟೆಯಲ್ಲಿ ಹಮಾಲಿ ಮಾಡಿ ಸಂಸಾರ ಸಾಗಿಸುವವರು. ಮಗಳ ಮದುವೆ ಗೊತ್ತಾಗಿತ್ತು. ವಿವಾಹವಿಧಿ ನಡೆಸಲೆಂದು ಕೇಳಿಕೊಂಡಾಗ ಅಯ್ಯನವರೊಬ್ಬರು ಅವರಿಗೆ 11,000 ರೂಪಾಯಿ ಹೇಳಿದ್ದರು. ಕಲಶದ ಸಾಮಗ್ರಿಗೆ ಬೇರೆ, ವಾಹನಕ್ಕೆ ಬೇರೆ. ಅರ್ಧ ಹಣ ಮುಂಗಡ. ಆ ತಂದೆ ನಮ್ಮ ಮುಂದೆ ದೂರು ಹೇಳಲಿಲ್ಲ. ಕೈಮುಗಿದು ಒಂದೇ ಮಾತು ಕೇಳಿದರು: “ಅಜ್ಜಾರ, ಬಡವರ ಮಗಳ ಅಕ್ಕಿಕಾಳಿಗೂ ರೇಟ್ ಐತೇನ್ರಿ?”

ಈ ಪ್ರಶ್ನೆಗೆ ಉತ್ತರಿಸಬೇಕಾದವರು ಆ ಅಯ್ಯನವರೊಬ್ಬರೇ ಅಲ್ಲ. ಕಾವಿ ಉಟ್ಟ ನಾವೂ, ಮಂಟಪ ಕಟ್ಟಿಸುವ ನೀವೂ ಉತ್ತರಿಸಬೇಕಾಗಿದೆ.

ಮೊದಲು ವಿವಾಹ ಮಾಡಿಸುವವರ ಪಕ್ಷವನ್ನೂ ನ್ಯಾಯವಾಗಿ ನೋಡೋಣ. ಹಿಂದೆ ಹಳ್ಳಿಯ ಮಠಪತಿಗೆ ಮದುವೆಯೊಂದಕ್ಕೆ ಇಷ್ಟೆಂಬ ಕಟ್ಟಳೆ ಇರಲಿಲ್ಲ. ಸುಗ್ಗಿಯಲ್ಲಿ ರೈತರ ಕಣದಿಂದ ಕಾಳು ಬರುತ್ತಿತ್ತು. ಮನೆಮನೆಯ ಭಿಕ್ಷೆ ಇತ್ತು. ಕೆಲವೆಡೆ ಸೇವೆಗೆಂದು ಬಿಟ್ಟ ಭೂಮಿಯೂ ಇತ್ತು. ವರ್ಷವಿಡೀ ಊರೇ ಅವರನ್ನು ಸಲಹುತ್ತಿದ್ದುದರಿಂದ ಸಿರಿವಂತನ ಮದುವೆಗೂ ಬಡವನ ಮದುವೆಗೂ ಅವರು ಒಂದೇ ರೀತಿ ನಡೆದು ಬರುತ್ತಿದ್ದರು. ಕಾಲ ಬದಲಾಯಿತು. ಇನಾಮುಗಳು ರದ್ದಾದವು, 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವನದಾಯಿತು. ಅದು ನ್ಯಾಯವೇ ಸರಿ. ನಾವು ಅದಕ್ಕಾಗಿ ಮರುಗುವುದಿಲ್ಲ. ಆದರೆ ಕಣದ ಕಾಳು ನಿಂತ ಮೇಲೆ ಮಠಪತಿಯ ಮನೆಯ ಒಲೆ ಹೇಗೆ ಉರಿಯಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ. ಊರು ಹೊತ್ತಿದ್ದ ಭಾರ ಹೆಣ್ಣು ಹೆತ್ತವನೊಬ್ಬನ ಹೆಗಲೇರಿತು.

ಹಾಗೆಂದು ದರ ಗೊತ್ತುಮಾಡುವುದು ಧರ್ಮವಾಗುವುದಿಲ್ಲ. ದಕ್ಷಿಣೆ ಕೊಡುವವನ ಶಕ್ತಿ ಮತ್ತು ಭಕ್ತಿಯನ್ನು ಅನುಸರಿಸುತ್ತದೆ. ದರ ಪಡೆಯುವವನ ಆಶೆಯನ್ನು ಅನುಸರಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳಿಸಿದ ಕಥೆಯನ್ನು ನಾವು ಪ್ರತಿ ಪ್ರವಚನದಲ್ಲಿಯೂ ಹೇಳುತ್ತೇವೆ. ನೆಲದ ಮೇಲೆ ಬಿದ್ದ ಅಕ್ಕಿಯಲ್ಲಿಯೇ ಹೆಚ್ಚಿನದು ಬೇಡವೆಂದ ಆ ತಾಯಿ, ವಧೂವರರ ತಲೆಯ ಮೇಲೆ ಬೀಳುವ ಅಕ್ಕಿಗೆ ಮುಂಗಡ ಕೇಳುವುದನ್ನು ಕಂಡಿದ್ದರೆ ಏನೆನ್ನುತ್ತಿದ್ದರು?

ಈ ದರ ಏರಲು ಮತ್ತೊಂದು ಕಾರಣವೂ ಉಂಟು. ಎಲ್ಲರಿಗೂ ಅದೇ ತಿಂಗಳು, ಅದೇ ದಿನ, ಅದೇ ಗಳಿಗೆ ಬೇಕು. ಒಂದೇ ಮುಹೂರ್ತಕ್ಕೆ ಮೂರು ಮದುವೆಗಳನ್ನು ಒಪ್ಪಿಕೊಂಡು, ಒಂದನ್ನೂ ಪೂರ್ಣವಾಗಿ ಮಾಡಿಸದೆ ಓಡುವವರನ್ನು ನಾವು ಕಂಡಿದ್ದೇವೆ. ಶುಭದಿನವೆಂಬ ಭೀತಿಯನ್ನು ಶರಣರು ಅಂದೇ ನಿರಾಕರಿಸಿದರು. ಅದನ್ನು ಮತ್ತೆ ಮನೆಗೆ ಕರೆತಂದು ಬೆಲೆ ತೆರುತ್ತಿರುವವರು ನೀವೇ. ಹೂವಿನ ಮಂಟಪಕ್ಕೂ ಛಾಯಾಚಿತ್ರಕ್ಕೂ ಲಕ್ಷ ಲಕ್ಷ ಸುರಿದು, ಮಂತ್ರ ಹೇಳಿದವರೊಡನೆ ಐನೂರು ರೂಪಾಯಿಗೆ ಚೌಕಾಸಿ ಮಾಡುವ ಶ್ರೀಮಂತರೂ ನಮ್ಮಲ್ಲಿದ್ದಾರೆ. ಅಯ್ಯನವರನ್ನು ವ್ಯಾಪಾರಿಯಂತೆ ಕಂಡವರು, ಅವರು ವ್ಯಾಪಾರಿಯಂತೆ ನಡೆದಾಗ ಬೆರಗಾಗುವುದೇಕೆ?

“ಅಷ್ಟು ಕಷ್ಟವಾದರೆ ನೋಂದಣಿ ಕಚೇರಿಗೆ ಹೋಗಲಿ” ಎನ್ನುವವರುಂಟು. ವಿಧಿಯೇ ಬೇಡವೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ 1955ರ ಹಿಂದೂ ವಿವಾಹ ಕಾಯಿದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. ವಧೂವರರಲ್ಲಿ ಒಬ್ಬರ ರೂಢಿಯ ವಿಧಿಯಂತೆ ವಿವಾಹ ನಡೆಯಬೇಕೆನ್ನುತ್ತದೆ. ವಿಧಿ ನಡೆಯದೆ ಬರಿಯ ಪ್ರಮಾಣಪತ್ರದಿಂದ ಈ ಕಾಯಿದೆಯಡಿ ವಿವಾಹವಾಗದೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿತು. ವಿಧಿ ಅಷ್ಟು ಅಗತ್ಯವಾದರೆ ಅದು ಬಡವನ ಕೈಗೂ ಎಟುಕಬೇಕು. ವಿಧಿಗೆ ಬೆಲೆ ಕಟ್ಟಿದವನು ಧರ್ಮದ ಬಾಗಿಲಲ್ಲಿ ಸುಂಕದ ಕಟ್ಟೆ ಹಾಕಿದಂತೆ.

ಇನ್ನು ನಮ್ಮ ಮಾತು. ಮದುವೆಗೆ ದಯಮಾಡಿಸಬೇಕೆಂದು ಕೇಳಿದರೆ ಪಾದಪೂಜೆಯ ಕಾಣಿಕೆ ಇಷ್ಟೆಂದು ಶಿಷ್ಯರ ಬಾಯಿಂದ ಹೇಳಿಸುವ ಪರಿಪಾಠ ಕೆಲವು ಮಠಗಳಲ್ಲಿ ಬೆಳೆದಿದೆ. ಮಠಪತಿ ಸಾವಿರಗಳಲ್ಲಿ ಕೇಳಿದರೆ ತಪ್ಪು, ಮಠಾಧೀಶ ಹತ್ತು ಸಾವಿರಗಳಲ್ಲಿ ಪಡೆದರೆ ಅನುಗ್ರಹವೇ? ನಮ್ಮ ಹೆಸರಿನಲ್ಲಿಯೂ ಹಾಗೆ ಯಾರಾದರೂ ಕೇಳಿದ್ದುಂಟೆಂದು ನಾವು ಈಚೆಗೆ ವಿಚಾರಿಸಿದೆವು. ಉಂಟೆಂದು ತಿಳಿದು ನಾಚಿದೆವು. ಆ ಪದ್ಧತಿಯನ್ನು ನಿಲ್ಲಿಸಿದ್ದೇವೆ.

ಆ ಹಮಾಲಿ ಭಕ್ತರ ಮಗಳ ವಿವಾಹ ಶ್ರೀಮಠದಲ್ಲಿಯೇ ಒಂದು ಸೋಮವಾರ ನೆರವೇರಿತು. ಪಂಚಾಂಗ ನೋಡಲಿಲ್ಲ. ಪಂಚಕಲಶವಿತ್ತು, ಮಾಂಗಲ್ಯವಿತ್ತು, ಅಕ್ಕಿಕಾಳಿತ್ತು, ದಾಸೋಹದ ಊಟವಿತ್ತು. ಇಂದಿನಿಂದ ಇದೇ ನಮ್ಮ ನಿಯಮ. ವಿವಾಹ ಮಾಡಿಸುವವರಿಗೆ ಮಠದ ಭಂಡಾರದಿಂದ ತಿಂಗಳ ಸಂಭಾವನೆ ಸಲ್ಲುವುದು. ಅವರು ಭಕ್ತರಲ್ಲಿ ಏನನ್ನೂ ಕೇಳಕೂಡದು. ಭಕ್ತರು ಮನಸ್ಸಿಗೆ ಬಂದುದನ್ನು ಕಾಣಿಕೆಪೆಟ್ಟಿಗೆಗೆ ಹಾಕಬಹುದು. ಹಾಕದಿದ್ದರೂ ಅಕ್ಷತೆ ಕಡಿಮೆಯಾಗದು. ಸದಾಚಾರಿಯಾದ ಲಿಂಗಧಾರಿ ಹೆಣ್ಣಾಗಲಿ ಗಂಡಾಗಲಿ, ವಿಧಿಯನ್ನು ಕಲಿಯಬಯಸಿದರೆ ಅರ್ಥಸಹಿತವಾಗಿ ಕಲಿಸುತ್ತೇವೆ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳೇ, ಭಂಡಾರ ತುಂಬುವವರು ಯಾರೆಂದು ನೀವು ಕೇಳಬಹುದು. ಪ್ರಸಾದ ನಿಲಯದಲ್ಲಿ ನೀವು ಉಂಡು ಓದಿದ ವರ್ಷಗಳನ್ನು ಒಮ್ಮೆ ನೆನೆಯಿರಿ. ಪಂಕ್ತಿಯಲ್ಲಿ ಕುಳಿತ ನಿಮಗೆ ರೊಟ್ಟಿಯೊಂದಕ್ಕೆ ಇಷ್ಟೆಂದು ಯಾರೂ ಹೇಳಲಿಲ್ಲ. ಯಾವುದೋ ಊರಿನ ಯಾರೋ ರೈತ ಜೋಳದ ಚೀಲ ಇಳಿಸಿ ಹೆಸರು ಹೇಳದೆ ಹೋಗಿದ್ದ. ಆ ಚೀಲವನ್ನು ಹೊತ್ತು ಉಗ್ರಾಣಕ್ಕೆ ತಂದವನೂ ಒಬ್ಬ ಹಮಾಲಿಯೇ. ಅಂಥವನ ಮಗಳ ಮದುವೆಗೆ ಬೆಲೆ ಕೇಳುವವರ ಸಾಲಿನಲ್ಲಿ ನಿಲ್ಲುವಿರೋ, ಚೀಲ ಇಳಿಸಿದವನ ಸಾಲಿನಲ್ಲಿಯೋ? ನಿಮ್ಮ ಮನೆಯ ಮುಂದಿನ ಮದುವೆಯಲ್ಲಿ ಇದಕ್ಕೆ ಉತ್ತರ ಕೊಡಿರಿ.

ಸರ್ವರಿಗೂ ಸನ್ಮಂಗಳವಾಗಲಿ.