ಪರದೆ ಅಲುಗಿದರೆ ಅದು ಸತ್ಯವೇ?

2008ರಲ್ಲಿ ನನ್ನ ಮಾಮ ದುಬೈಯಲ್ಲಿ ಕೆಲಸದಲ್ಲಿದ್ದರು. ಒಂದು ರಜೆಯ ದಿನ ರೂಮಿನ ಗೆಳೆಯರ ಜೊತೆ ‘ಕ್ಲೋವರ್‌ಫೀಲ್ಡ್’ ಎಂಬ ಇಂಗ್ಲಿಷ್ ಸಿನಿಮಾಕ್ಕೆ ಹೋದರಂತೆ. ಅರ್ಧ ಗಂಟೆಯೊಳಗೆ ಪಕ್ಕದ ಗೆಳೆಯ ಹೊಟ್ಟೆ ತೊಳಸಿ ಹೊರಗೆ ಓಡಿದರು. “ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗಿತ್ತು ಮಾರಾಯ್ತಿ” ಎಂದು ಮಾಮ ಈಗಲೂ ನಗುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಮನೆಯಲ್ಲಿ ಅವರ ಜೊತೆ ಕೂತು ನಾನೂ ಅದನ್ನು ನೋಡಿದೆ.

ಇಂಥ ಚಿತ್ರಗಳನ್ನು ‘ಫೌಂಡ್ ಫುಟೇಜ್’ ಎನ್ನುತ್ತಾರೆ. ಯಾರೋ ಚಿತ್ರೀಕರಿಸಿದ ಟೇಪು ಆಮೇಲೆ ಯಾರ ಕೈಗೋ ಸಿಕ್ಕಿತು ಎಂಬಂತೆ ಇಡೀ ಕಥೆ ಇರುತ್ತದೆ. ಮ್ಯಾಟ್ ರೀವ್ಸ್ ನಿರ್ದೇಶಿಸಿದ ಈ ಚಿತ್ರದ ಆರಂಭದಲ್ಲಿ, ಇದು ಅಮೆರಿಕದ ರಕ್ಷಣಾ ಇಲಾಖೆಯ ವಶದಲ್ಲಿರುವ ದಾಖಲೆ ಎಂಬ ಬರಹ ಬರುತ್ತದೆ. ನ್ಯೂಯಾರ್ಕಿನ ಒಂದು ಬೀಳ್ಕೊಡುಗೆ ಪಾರ್ಟಿ. ಹಡ್ ಎಂಬ ಹುಡುಗ ಕ್ಯಾಮೆರಾ ಹಿಡಿದಿದ್ದಾನೆ. ಇದ್ದಕ್ಕಿದ್ದಂತೆ ನೆಲ ನಡುಗುತ್ತದೆ. ಎಲ್ಲರೂ ಬೀದಿಗಿಳಿದಾಗ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ತಲೆ ಉರುಳಿ ಬಂದು ರಸ್ತೆಯಲ್ಲಿ ಬೀಳುತ್ತದೆ. ಜನ ಅದರ ಹತ್ತಿರ ಹೋಗಿ ಫೋನಿನಲ್ಲಿ ಫೋಟೊ ತೆಗೆಯುತ್ತಾರೆ!

ರಾಕ್ಷಸ ಪ್ರಾಣಿ ಪೂರ್ತಿ ಕಾಣುವುದು ಬಹಳ ಹೊತ್ತಿನ ಮೇಲೆ. ಹಿನ್ನೆಲೆ ಸಂಗೀತ ಇಲ್ಲ. ಕ್ಯಾಮೆರಾ ಕೆಳಗೆ ಬೀಳುತ್ತದೆ, ಓಡುವವರ ಕಾಲುಗಳಷ್ಟೇ ಕಾಣುತ್ತವೆ. ಆದರೆ ಇದು ಗೊತ್ತಿಲ್ಲದವರು ತೆಗೆದ ಚಿತ್ರವಲ್ಲ. ಸುಮಾರು 25 ಮಿಲಿಯನ್ ಡಾಲರ್ ವೆಚ್ಚದಲ್ಲಿ, ಪ್ರತಿ ಅಲುಗಾಟವನ್ನೂ ಯೋಚಿಸಿ ಮಾಡಿದ ಚಿತ್ರ. ನೀಟಾಗಿ ತೆಗೆದ ದೃಶ್ಯಕ್ಕಿಂತ ಅಲುಗುವ, ಮಸುಕಾದ ದೃಶ್ಯವನ್ನು ನಾವು ಬೇಗ ನಂಬುತ್ತೇವೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೂ ಮೊದಲು, 1999ರಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಬಂದಾಗ, ಅದರ ನಟರು ನಿಜವಾಗಿಯೂ ಕಾಣೆಯಾಗಿದ್ದಾರೆ ಎಂದೇ ಅನೇಕರು ನಂಬಿದ್ದರು.

ಹಾಗಾದರೆ ಇಂಥ ಸಿನಿಮಾ ಮೋಸವೇ? ಅಲ್ಲ ಎಂಬುದು ನನ್ನ ಅಭಿಪ್ರಾಯ. ಚಿತ್ರಮಂದಿರಕ್ಕೆ ಹೋಗುವಾಗ ನಾವು ಟಿಕೆಟ್ ತೆಗೆದುಕೊಳ್ಳುತ್ತೇವೆ. ಕೊನೆಯಲ್ಲಿ ನಟರ, ತಂತ್ರಜ್ಞರ ಹೆಸರುಗಳು ಬರುತ್ತವೆ. ದೀಪ ಹತ್ತುತ್ತದೆ. ಎಷ್ಟೇ ಹೆದರಿದ್ದರೂ ‘ಇದು ಕಥೆ’ ಎಂದು ಆ ದೀಪ ನಮಗೆ ಹೇಳುತ್ತದೆ. ಮಾಮನ ಗೆಳೆಯರೂ ಹೊರಗೆ ಬಂದು ಚಹಾ ಕುಡಿದು ಸುಧಾರಿಸಿಕೊಂಡರು.

ನಮ್ಮ ಕೈಯ ಫೋನಿನಲ್ಲಿ ಆ ದೀಪ ಹತ್ತುವುದಿಲ್ಲ. ನನ್ನ ಚಿಂತೆ ಇರುವುದು ಅಲ್ಲಿ.

ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಒಂದು ಜಾಗೃತಿ ಚಿತ್ರ ಮಾಡಿದ್ದರು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಪೋಷಕರೇ ಎಚ್ಚರ ಎಂಬ ಅರ್ಥದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಂಡು ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುದ್ದಿಯಾಗಿ ಭಾರತದ ತುಂಬ ಹರಿದಾಡಿತು.

2018ರಲ್ಲಿ ಇಂಥ ವದಂತಿಗಳಿಂದ ದೇಶದ ಹಲವೆಡೆ ಅಮಾಯಕರು ಸತ್ತರು. ಆ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ, ಗೆಳೆಯರ ಜೊತೆ ಬಂದಿದ್ದ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಗುಂಪೊಂದು ಹೊಡೆದು ಕೊಂದಿತು. ಅವರ ತಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅವರು ಕಾರಿನಲ್ಲಿ ಮುಂದಿನ ಊರು ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿಗೆ ಮುಟ್ಟಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಹಾಕಿತು.

ಇದನ್ನೆಲ್ಲ ಬರೆಯುವ ನಾನೇನೂ ಬಹಳ ಜಾಣೆಯಲ್ಲ. ಕಳೆದ ಮಳೆಗಾಲದಲ್ಲಿ ಸೇತುವೆ ಕುಸಿಯುವ ವಿಡಿಯೊ ಒಂದು ನನಗೆ ಬಂತು. ಹತ್ತಿರದ ಊರಿನದು ಎಂದು ಬರೆದಿತ್ತು. ಕ್ಯಾಮೆರಾ ನಡುಗುತ್ತಿತ್ತು, ಹಿಂದೆ ಯಾರೋ ಕಿರುಚುತ್ತಿದ್ದರು. ನಾನು ತಕ್ಷಣ ಮನೆಯವರ ಗ್ರೂಪಿಗೆ ಹಾಕಿದೆ. ಉಪ್ಪ ಆ ಹೊತ್ತಿಗೆ ಅದೇ ದಾರಿಯಲ್ಲಿ ಬರುತ್ತಿದ್ದರು, ಫೋನ್ ಸಿಗುತ್ತಿರಲಿಲ್ಲ. ಅವರು ಬಾಗಿಲಿಗೆ ಬರುವವರೆಗೆ ಎರಡು ಗಂಟೆ ಉಮ್ಮ ಅತ್ತರು. ವಿಡಿಯೊ ಬೇರೆ ಯಾವುದೋ ದೇಶದ್ದಾಗಿತ್ತು. ಉಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೆಳೆಯರೇ, ಗೆಳತಿಯರೇ, ಸಿನಿಮಾ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ನೋಡಿ, ಹೆದರಿ, ಅದನ್ನು ಹೇಗೆ ಮಾಡಿದರು ಎಂದೂ ಯೋಚಿಸಿ. ಅದು ಒಳ್ಳೆಯ ಪಾಠ. ಆದರೆ ಫೋನಿಗೆ ಇಂಥದೊಂದು ತುಂಡು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ತೆಗೆದವರು ಯಾರು? ಎಲ್ಲಿ, ಯಾವಾಗ ತೆಗೆದದ್ದು? ಇದರ ಕೊನೆಯನ್ನು ಯಾರಾದರೂ ಕತ್ತರಿಸಿದ್ದಾರೆಯೇ? ಉತ್ತರ ಗೊತ್ತಿಲ್ಲದಿದ್ದರೆ ಅದು ನಮ್ಮ ಫೋನಿನಲ್ಲೇ ನಿಲ್ಲಲಿ.

ಚಿತ್ರಮಂದಿರದಲ್ಲಿ ದೀಪ ಹಾಕಲು ಒಬ್ಬ ಕೆಲಸಗಾರ ಇರುತ್ತಾನೆ. ಫೋನಿನಲ್ಲಿ ಆ ಕೆಲಸ ನಮ್ಮದೇ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ