ಬರವಲ್ಲ, ಲೆಕ್ಕ

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ಬಿತ್ತು, ಹತ್ತು ಲಕ್ಷ ಜನ ಸತ್ತರು. ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ಗಿಡಕ್ಕೆ ರೋಗ ಬಂದರೆ ಮನುಷ್ಯ ಯಾಕೆ ಸಾಯಬೇಕು? ಅದೇ ವರ್ಷಗಳಲ್ಲಿ ಅದೇ ನೆಲದ ಧಾನ್ಯ, ಬೆಣ್ಣೆ, ದನ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿದ್ದವಲ್ಲ? ಉತ್ತರ ಬೇಕಾದರೆ ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್ ಜಮೀನ್ದಾರಿಯ ಕಡತ ಬಿಚ್ಚಬೇಕು.

ಆ ಜಮೀನು ಮಾಹನ್ ವಂಶದ್ದು. ಬೆವರು ಸುರಿಸಿ ಸಂಪಾದಿಸಿದ್ದಲ್ಲ. 17ನೇ ಶತಮಾನದಲ್ಲಿ ಇಂಗ್ಲಿಷರು ಐರಿಷ್ ನೆಲವನ್ನು ಕಿತ್ತುಕೊಂಡಾಗ ಅವರ ಪರ ನಿಂತದ್ದಕ್ಕೆ ಸಿಕ್ಕ ಇನಾಮು. ಅಲ್ಲಿ ಬಂಗಲೆ ಎದ್ದಿತು. ಆಳುಕಾಳುಗಳು ದಣಿಗಳ ಕಣ್ಣಿಗೆ ಬೀಳಬಾರದೆಂದು ನೆಲದಡಿ ಸುರಂಗ ತೋಡಿದರು. ಬೇಯಿಸಿದ ಕೈ ಬೇಕು, ಮುಖ ಬೇಡ! ಇದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1845ರಲ್ಲಿ ಈ ಆಸ್ತಿ ಸಾಲದ ಸಮೇತ ಮೇಜರ್ ಡೆನಿಸ್ ಮಾಹನ್ ಪಾಲಿಗೆ ಬಂತು. ಹೊಟ್ಟೆಗೇ ಇಲ್ಲದ ಒಕ್ಕಲುಗಳು ಗೇಣಿ ಎಲ್ಲಿಂದ ತಂದಾರು? ಆಗಿನ ಕಾನೂನು ನೋಡಿ. 4 ಪೌಂಡಿಗಿಂತ ಕಡಿಮೆ ಬೆಲೆ ಕಟ್ಟಿದ ಹಿಡುವಳಿಯ ಬಡವರ ತೆರಿಗೆಯನ್ನು ಜಮೀನ್ದಾರನೇ ಕಟ್ಟಬೇಕು. ಅಂದರೆ ಬಡ ಒಕ್ಕಲು ಊರಲ್ಲಿದ್ದಷ್ಟೂ ದಣಿಗೆ ನಷ್ಟ. 1847ರ ಕಾನೂನಿಗೆ ವಿಲಿಯಂ ಗ್ರೆಗರಿ ಎಂಬ ಜಮೀನ್ದಾರ ಮನೆತನದವ ಇನ್ನೊಂದು ಕಲಮು ಸೇರಿಸಿದ: ಕಾಲು ಎಕರೆಗಿಂತ ಹೆಚ್ಚು ಭೂಮಿ ಇಟ್ಟುಕೊಂಡವನಿಗೆ ಪರಿಹಾರವಿಲ್ಲ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಗಂಜಿ ಬೇಕೋ, ನೆಲ ಬಿಡು!

ಮಾಹನ್‌ನ ಏಜೆಂಟು ಕೂತು ಲೆಕ್ಕ ಹಾಕಿದ. ಇವರನ್ನು ಒಂದು ವರ್ಷ ವರ್ಕ್‌ಹೌಸ್ ಎಂಬ ದೊಡ್ಡಿಯಲ್ಲಿ ಸಾಕುವುದಕ್ಕಿಂತ ಹಡಗಿಗೆ ತುಂಬಿ ಕೆನಡಾಕ್ಕೆ ಸಾಗಿಸಿದರೆ ಖರ್ಚು ಅರ್ಧಕ್ಕಿಳಿಯುತ್ತದೆ. 1847ರಲ್ಲಿ 1,490 ಜನರನ್ನು ಹೊರಡಿಸಿದರು. ಮುದುಕರು, ಕೂಸುಗಳು ಎಲ್ಲರೂ ಡಬ್ಲಿನ್‌ವರೆಗೆ ಸುಮಾರು 165 ಕಿಲೋಮೀಟರ್ ನಡೆದರು. ಅಲ್ಲಿಂದ ಲಿವರ್‌ಪೂಲ್, ಆಮೇಲೆ ಸಮುದ್ರ. ಈ ಒಕ್ಕಲುಗಳಿದ್ದ ವರ್ಜೀನಿಯಸ್ ಹಡಗಿನಲ್ಲಿ 476 ಮಂದಿ ಹತ್ತಿದ್ದರು. 158 ಮಂದಿ ದಾರಿಯಲ್ಲೇ ಹೆಣವಾದರು.

ಅದೇ ವರ್ಷ ನವೆಂಬರ್ 2ರಂದು ಮೇಜರ್ ಮಾಹನ್‌ನನ್ನು ಗುಂಡಿಟ್ಟು ಕೊಂದರು. ಸರ್ಕಾರ ಎದ್ದು ಕೂತಿತು. ಪತ್ರಿಕೆಗಳು ಬೊಬ್ಬೆ ಹೊಡೆದವು. ಗಲ್ಲುಗಂಬ ನಿಂತಿತು. ಒಬ್ಬ ಸತ್ತದ್ದು ಕೊಲೆ. ಸರಿ, ಕೊಲೆಯೇ. ಹಾಗಾದರೆ ಆ 158? ಅದಕ್ಕೆ ಯಾವ ಕಟಕಟೆಯೂ ಇರಲಿಲ್ಲ. ಅದರ ಹೆಸರು ಎಸ್ಟೇಟಿನ ಆಡಳಿತ.

‘ಹಡಗಿನ ದುಡ್ಡು ಕೊಟ್ಟನಲ್ಲ, ಪುಣ್ಯಾತ್ಮ’ ಅನ್ನುವವರು ಇಂದಿಗೂ ಇದ್ದಾರೆ. ಅಯ್ಯಾ, ಉಳಿತಾಯವನ್ನು ಪುಣ್ಯ ಅಂತ ಯಾವಾಗಿಂದ ಕರೆಯೋದು?

1979ರಲ್ಲಿ ಆ ಮನೆ ಮಾರಾಟವಾಯಿತು. ಕೊಂಡವರಿಗೆ ಒಳಗೆ ಹಳೆಯ ಕಾಗದಗಳ ರಾಶಿ ಸಿಕ್ಕಿತು. ಅದರಲ್ಲಿ ಹಸಿದ ಒಕ್ಕಲುಗಳ ಅರ್ಜಿಗಳೂ ಇದ್ದವು. 1994ರಲ್ಲಿ ಅಲ್ಲೇ ಕ್ಷಾಮದ ಮ್ಯೂಸಿಯಂ ತೆರೆಯಿತು. ದಣಿಗಳು ಕೂಡಿಟ್ಟ ಕಾಗದವೇ ದಣಿಗಳ ವಿರುದ್ಧ ಸಾಕ್ಷಿ ಹೇಳಿತು.

ಗೆಳೆಯರೇ, ಮೇಷ್ಟ್ರುಗಳೇ, ಹಸಿವಿನ ಚರಿತ್ರೆ ಪಾಠ ಮಾಡುವಾಗ ಮಳೆ, ರೋಗ, ಹಣೆಬರಹ ಅಂತ ಹೇಳಿ ಪುಸ್ತಕ ಮುಚ್ಚಬೇಡಿ. ಗೇಣಿ ಯಾರಿಗೆ ಹೋಯಿತು, ಕಾನೂನು ಯಾರು ಬರೆದರು, ಲೆಕ್ಕದ ಪುಸ್ತಕ ಯಾರ ಕೈಲಿತ್ತು ಅಂತ ಮಕ್ಕಳ ಬಾಯಲ್ಲೇ ಕೇಳಿಸಿ.